ರೇಡಾರ್ ಕೆಟ್ಟಿಲ್ಲ, ನಾವು ಓದುತ್ತಿಲ್ಲ

ಮಾನ್ಯ ಸಂಪಾದಕರೇ,

ಹೈದರಾಬಾದಿನ ಹವಾಮಾನ ರೇಡಾರ್ ಚಿತ್ರ ಈಗ ನಮ್ಮ ಸೇಡಂ ಭಾಗದ ತೊಗರಿ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಸಂತೋಷವೇ. ಆದರೆ ಒಂದು ತುಣುಕು ಮೋಡವೂ ಇಲ್ಲದ ಸಂಜೆ ಆ ನಗರದ ಸುತ್ತ ಹಸಿರು ಕಲೆ ಹರಡಿತೆಂದರೆ ಒಬ್ಬರು ‘ಮಳೆ ಬಂತು’ ಎನ್ನುತ್ತಾರೆ. ಬಾರದಿದ್ದರೆ ಇನ್ನೊಬ್ಬರು ‘ಯಂತ್ರ ಕೆಟ್ಟಿದೆ’ ಎನ್ನುತ್ತಾರೆ. ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಎರಡನ್ನೂ ಕೇಳಿ ಸಾಕಾಗಿದೆ.

ರೇಡಾರ್ ಕಳಿಸಿದ ರೇಡಿಯೊ ಅಲೆ ಏನಕ್ಕಾದರೂ ಬಡಿದು ಮರಳಿದರೆ ಚಿತ್ರದಲ್ಲಿ ಕಲೆ ಮೂಡುತ್ತದೆ. ಕಟ್ಟಡ, ಗುಡ್ಡಗಳಿಗೆ ಬಡಿದು ಬಂದ ಅಲೆಯ ಗುರುತು ಇದ್ದಲ್ಲೇ ಇರುತ್ತದೆ. ಕತ್ತಲಾಗುತ್ತಿದ್ದಂತೆ ಹಿಗ್ಗುವುದು ಹೆಚ್ಚಾಗಿ ಹೊಲಗದ್ದೆ ಬಿಟ್ಟು ಮೇಲೇಳುವ ಹುಳುಗಳ ಹಿಂಡು. ಹುಳು ಇಲ್ಲದ ಬರಿಗಾಳಿಯೂ ಅಲೆಯನ್ನು ಹಿಂದಿರುಗಿಸುತ್ತದೆ ಎಂದರೆ ನಂಬುವವರು ಕಡಿಮೆ. ಒಣಗಾಳಿಯೂ ತೇವದ ಗಾಳಿಯೂ ಬೆರೆಯುವಲ್ಲಿ ಸುಳಿಗಳೇಳುತ್ತವೆ. ರೇಡಾರಿನ ತರಂಗಾಂತರದ (ಅಲೆಯ ಉದ್ದದ) ಅರ್ಧದಷ್ಟು ಅಳತೆಯ ತೇವ, ಶಾಖಗಳ ಏರುಪೇರು ಅಲ್ಲಿದ್ದರೆ ಅಲೆಯ ಅತ್ಯಲ್ಪ ಪಾಲು ಮರಳುತ್ತದೆ. ತಿರುಪತಿ ಬಳಿಯ ಗಾದಂಕಿಯ 53 ಮೆಗಾಹರ್ಟ್ಸ್ ರೇಡಾರ್ ಬದುಕಿರುವುದೇ ಇದರ ಮೇಲೆ. ಅದು ಹಿಡಿಯುವುದು ಸುಮಾರು 2.8 ಮೀಟರ್ ಅಳತೆಯ ಏರುಪೇರನ್ನು. ಆ ಏರುಪೇರು ಗಾಳಿಯೊಡನೆಯೇ ಸಾಗುವುದರಿಂದ, ಮರಳಿದ ಅಲೆಯ ಆವರ್ತಾಂಕ ಎಷ್ಟು ಸರಿದಿದೆ ಎಂದು ನೋಡಿ ಮೇಲಿನ ಗಾಳಿಯ ವೇಗವನ್ನು ಲೆಕ್ಕಹಾಕುತ್ತಾರೆ.

ಹುಳುವೋ ಗಾಳಿಯೋ ಎಂದು ತಿಳಿಯಲೂ ದಾರಿಯಿದೆ. ಅಡ್ಡವಾಗಿ ಕಂಪಿಸುವ ಮತ್ತು ಲಂಬವಾಗಿ ಕಂಪಿಸುವ ಎರಡೂ ಬಗೆಯ ಅಲೆ ಕಳಿಸಿದರೆ, ಮೈ ಚಾಚಿ ಹಾರುವ ಹುಳು ಅಡ್ಡ ಅಲೆಯನ್ನೇ ಜಾಸ್ತಿ ಹಿಂದಿರುಗಿಸುತ್ತದೆ. ಗಾಳಿಯ ಸುಳಿ ಎರಡನ್ನೂ ಹೆಚ್ಚುಕಡಿಮೆ ಸಮನಾಗಿ.

ನಮ್ಮ ಗೋಳು ಬೇರೆ. ಕಲಬುರಗಿ ಆ ರೇಡಾರಿನಿಂದ ನೇರ ಗೆರೆಯಲ್ಲಿ ಸುಮಾರು 170 ಕಿ.ಮೀ. ಅರ್ಧ ಡಿಗ್ರಿ ಎತ್ತಿ ಬಿಟ್ಟ ಕಿರಣ, ಭೂಮಿ ಬಾಗಿರುವ ಕಾರಣ, ಕಲಬುರಗಿಗೆ ಬರುವಷ್ಟರಲ್ಲಿ ನೆಲದಿಂದ ಮೂರು ಕಿ.ಮೀ.ಗೂ ಮೇಲಿರುತ್ತದೆ. ಹುಳುಗಳ ಓಡಾಟವೆಲ್ಲ ಬಹುಪಾಲು ಅದರ ಕೆಳಗೆ. ಹೀಗಾಗಿ ನಮ್ಮ ತಲೆಯ ಮೇಲೆ ಚಿತ್ರ ಖಾಲಿ ಕಂಡರೆ ಆಕಾಶ ಖಾಲಿಯೆಂದು ತಿಳಿಯಬೇಕಿಲ್ಲ.

2017ರಲ್ಲಿ ಮೋಡ ಬಿತ್ತನೆಗೆಂದು ಸುರಪುರದಲ್ಲಿ ರೇಡಾರ್ ನಿಲ್ಲಿಸಿದ್ದರು. ಮೋಡ ಹುಡುಕಲು ಹಣ ಸಿಗುತ್ತದೆ, ಮೋಡವಿಲ್ಲದ ರಾತ್ರಿಯನ್ನು ನೋಡಲು ಸಿಗುವುದಿಲ್ಲ! ತೊಗರಿಯ ಕಾಯಿಕೊರಕದ ಪತಂಗ ಗಾಳಿಯನ್ನು ಹಿಡಿದು ಹಾರುವುದು ರಾತ್ರಿಯೇ. ರೇಡಾರ್ ಪತಂಗದ ಜಾತಿ ಹೇಳುವುದಿಲ್ಲ, ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟುವುದು ತಪ್ಪುವುದಿಲ್ಲ. ಆದರೂ ಹೂವಾಡುವ ಕಾಲದಲ್ಲಿ ಹಿಂಡು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ರಾತ್ರಿಯೇ ತಿಳಿದರೆ, ಯಾವ ಹೊಲದ ಬಲೆಯನ್ನು ಮೊದಲು ನೋಡಬೇಕೆಂಬುದು ಬೆಳಿಗ್ಗೆಯೇ ಗೊತ್ತಾಗುತ್ತದೆ. ನಮ್ಮ ಭಾಗದ ಜನಪ್ರತಿನಿಧಿಗಳು ಇಲ್ಲಿಗೊಂದು ಕಾಯಂ ರೇಡಾರ್ ಕೇಳಲಿ, ಅದನ್ನು ಬೇಸಿಗೆಯಲ್ಲೂ ಆರಿಸದಂತೆ ಷರತ್ತು ಹಾಕಲಿ.

– ನಿವೃತ್ತ ವಿಜ್ಞಾನ ಶಿಕ್ಷಕ, ಸೇಡಂ