ಸದ್ದು ನಿಂತ ಮೇಲೂ ಬಂಡೆ ಒಡೆಯುತ್ತದೆ

ಪ್ರೀತಿಯ ಪುಟ್ಟು,

ಆಶೀರ್ವಾದಗಳು. ಹಟ್ಟಿ ಚಿನ್ನದ ಗಣಿಯಲ್ಲಿ ನಿನಗೆ ಕೆಲಸ ಸಿಕ್ಕಿತು ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ತುಂಬಾ ಸಂತೋಷವಾಯಿತು. ನಾನು ಕೆಜಿಎಫ್‌ನಲ್ಲಿ ನೆಲದಡಿ ದುಡಿದವನು, ಹಾಗಾಗಿ ಒಂದು ಮಾತು ಹೇಳಲೇಬೇಕು. ಬ್ಲಾಸ್ಟಿಂಗ್ ಆದ ಮೇಲೆ ಒಳಗೆ ಹೋಗೋಕೆ ಅವಸರ ಮಾಡಬೇಡ.

ಸದ್ದು ನಿಂತರೆ ಎಲ್ಲ ಮುಗಿಯಿತು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಹಾಗಲ್ಲಪ್ಪ. ಮದ್ದು ಸಿಡಿದಾಗ, ಅದನ್ನು ತುಂಬಿದ್ದ ತೂತಿನ ಸುತ್ತ ಕಲ್ಲು ಪುಡಿಯಾಗುತ್ತದೆ, ಅಲ್ಲಿಂದಾಚೆಗೆ ಬಿರುಕು ಹರಡುತ್ತದೆ. ಇಷ್ಟು ಕ್ಷಣದಲ್ಲಿ ಆಗಿಹೋಗುತ್ತದೆ. ಅಲ್ಲಿದ್ದ ಕಲ್ಲು ಹೋಯಿತಲ್ಲ, ಅದು ಹೊತ್ತಿದ್ದ ಭಾರ ಈಗ ಅಕ್ಕಪಕ್ಕದ ಬಂಡೆಯ ಮೇಲೆ ಬೀಳುತ್ತದೆ. ಮೂರು ಕಿಲೋಮೀಟರ್ ಆಳದಲ್ಲಿ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು 800 ಕಿಲೋ ಭಾರ ಕೂತಿರುತ್ತದೆ. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಅದಕ್ಕಿಂತಲೂ ಕೆಳಗೆ ಇಳಿದಿತ್ತು! ಆ ಒತ್ತಡಕ್ಕೆ ಹಳೇ ಬಿರುಕು ಜಾರುತ್ತವೆ, ಹೊಸವು ಹುಟ್ಟುತ್ತವೆ. ಒಂದೊಂದೂ ಒಂದು ಪುಟ್ಟ ಭೂಕಂಪವೇ. ಬಹಳಷ್ಟು ನಮ್ಮ ಕಿವಿಗೆ ಕೇಳಿಸುವುದೇ ಇಲ್ಲ, ಬಂಡೆಯಲ್ಲಿ ಕೂರಿಸಿದ, ನಡುಕ ಹಿಡಿಯುವ ಜಿಯೋಫೋನ್ ಯಂತ್ರಕ್ಕೆ ಮಾತ್ರ ಗೊತ್ತಾಗುತ್ತವೆ.

ಸಿಡಿಸಿದ ಕೂಡಲೇ ಇವು ಜಾಸ್ತಿ, ಹೊತ್ತು ಹೋದ ಹಾಗೆ ಕಡಿಮೆ. ಭೂಕಂಪದ ನಂತರದ ನಡುಕಗಳೂ ಹೀಗೇ ಇಳಿಯುತ್ತವೆ ಅಂತ ಜಪಾನಿನ ಭೂಕಂಪ ವಿಜ್ಞಾನಿ ಒಮೊರಿ 1894ರಲ್ಲೇ ತೋರಿಸಿದ್ದರು. ಜಿಯೋಫೋನ್ ಹಿಡಿದ ನಡುಕಗಳ ಎಣಿಕೆ ಇಳಿಯುವ ಬದಲು ಏರಿತು ಅಂದರೆ ಎಚ್ಚರ. ಬಂಡೆ ತಾನಾಗಿ ಸಿಡಿಯುವ ರಾಕ್ ಬರ್ಸ್ಟ್‌ಗೆ ಕೋಲಾರದಲ್ಲಿ ಎಷ್ಟು ಜನ ಬಲಿಯಾದರು ಅಂತ ನಿನ್ನ ಅಜ್ಜಿಯೇ ಹೇಳುತ್ತಿದ್ದರು ಅಲ್ವಾ? 1988ರಲ್ಲಿ ಬಂಡೆಗಳ ಒತ್ತಡ, ಬಿರುಕು ಅಧ್ಯಯನ ಮಾಡುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಅಲ್ಲೇ ಶುರುವಾಗಿದ್ದು ಸುಮ್ನೆ ಅಲ್ಲ.

ಯಂತ್ರ ಇದೆ ಅಂತ ಹಾರೆ ಬಿಡಬೇಡ. ಹೊಗೆ ಹೋಗಲಿ, ಕಾಯುವ ಹೊತ್ತು ಪೂರ್ತಿ ಮುಗಿಯಲಿ. ಆಮೇಲೆ ಗಟ್ಟಿ ಛಾವಣಿಯ ಕೆಳಗೆ ನಿಂತು, ಉದ್ದನೆಯ ಹಾರೆಯಿಂದ ಮುಂದಿನ ಛಾವಣಿ ತಟ್ಟಿ ನೋಡು. ಟಣ್ ಅಂದರೆ ಗಟ್ಟಿ. ಬೊದ್ ಅಂದರೆ ಒಳಗೆ ಪದರ ಬಿಟ್ಟಿದೆ, ಕೆಡವಿಯೇ ಮುಂದೆ ಹೋಗು. ಹಿಂದೆ ಸರಿಯುವ ದಾರಿಯಲ್ಲಿ ಪೈಪು, ಕಲ್ಲು ಏನೂ ಇರಬಾರದು. ಟಣ್ ಅಂದ ಕಲ್ಲನ್ನೂ ಪೂರ್ತಿ ನಂಬಬೇಡ, ದಪ್ಪ ಚಪ್ಪಡಿ ಸದ್ದಿನಲ್ಲಿ ಮೋಸ ಮಾಡುವುದುಂಟು.

ತೆಗೆದ ಅದಿರಿನ ಟನ್ನೇಜ್ ಕಡಿಮೆಯಾಯಿತು ಅಂತ ಯಾರಾದರೂ ಕೂಗಾಡಿದರೆ ಕೂಗಾಡಲಿ, ನೀನು ಕಾಯಿ. ನೆಲದಡಿ ನಿಮ್ಮ ಲೆವೆಲ್‌ನಲ್ಲಿ (ಅಂತಸ್ತಿನಲ್ಲಿ) ಬ್ಲಾಸ್ಟ್ ಆದ ಮೇಲೆ ಎಷ್ಟು ಹೊತ್ತು ಕಾಯಿಸುತ್ತಾರೆ, ಜಿಯೋಫೋನ್ ಎಣಿಕೆ ಯಾರು ನೋಡುತ್ತಾರೆ, ಕೇಳಿ ತಿಳಿದುಕೊಂಡು ನನಗೂ ಬರೆ.

ಇಂತಿ,
ನಿನ್ನ ಸೋದರಮಾವ