ದೋಸ್ತ, ಕಾಕಾ ಅವರ ಹಿಮ್ಮಡಿ ನೋಡಿದೆಯಾ?

ದೋಸ್ತ,

ಕಾಕಾ ಅವರನ್ನು ದವಾಖಾನೆಯಿಂದ ಆಳಂದಕ್ಕೆ ಕರೆದುಕೊಂಡು ಹೋದಿರಂತೆ. ಲಕ್ವಾ ಹೊಡೆದರೂ ಮಾತು ಉಳಿದಿದೆ ಎಂದೆಯಲ್ಲ, ಅಷ್ಟು ಸಾಕು. ಫೋನಿನಲ್ಲಿ ಒಂದು ಕೇಳುವುದು ಮರೆತೆ. ಅವರ ಹಿಮ್ಮಡಿ ನೋಡಿದೆಯಾ? ಬೆನ್ನಿನ ಕೆಳಗೆ, ಕುಂಡಿಯ ಮೇಲಿನ ಮೂಳೆ ಹತ್ತಿರವೂ ನೋಡಿದೆಯಾ? ಮಲಗಿದಲ್ಲೇ ಇರುವವರಿಗೆ ಅಲ್ಲೇ ಹಾಸಿಗೆ ಹುಣ್ಣು ಏಳುವುದು. ಇಲ್ಲವಾದರೆ ಮೊದಲು ನೋಡಿ ಬಾ, ಪತ್ರ ಆಮೇಲೆ ಓದು.

ಅವ್ವ ತೊಡೆ ಮೂಳೆ ಮುರಿದುಕೊಂಡು ಮಲಗಿದಾಗ ನಾನು ಗುಳಿಗೆ ನೋಡಿದೆ, ಬಿಪಿ ನೋಡಿದೆ, ಬೆನ್ನು ನೋಡಲಿಲ್ಲ. ಡಿಸ್ಚಾರ್ಜ್ ಮಾಡುವಾಗ ಒಂದು ಕಟ್ಟು ಕಾಗದ ಕೊಟ್ಟರು. ಆಗಾಗ ಹೊರಳಿಸಿ ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ಹತ್ತನೇ ದಿನ ಸೀರೆ ಬದಲಿಸುವಾಗ ಅಕ್ಕ ಕೂಗಿದಳು. ರೂಪಾಯಿ ನಾಣ್ಯದಷ್ಟು ಕೆಂಪು. ತಿಗಣೆ ಕಚ್ಚಿರಬೇಕು ಅಂದುಕೊಂಡೆ. ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದೆ. ವಾರದೊಳಗೆ ತೊಗಲು ಕಿತ್ತು ಬಂತು. ಡ್ರೆಸ್ಸಿಂಗ್‌ಗೆ ಬಂದ ಸಿಸ್ಟರ್ ಬೈದೇ ಬಿಟ್ಟರು: "ಒಳಗ ಮೊದಲೇ ರಕ್ತ ನಿಂತದ, ಮ್ಯಾಲಿಂದ ನೀವು ತಿಕ್ಕಿದ್ರ ತೊಗಲು ಉಳೀತದೇನ್ರಿ?"

ಅವರೇ ಕಲಿಸಿದರು. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಡು. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಬಣ್ಣ ಹೋಗದಿದ್ದರೆ ಹಾಸಿಗೆ ಹುಣ್ಣು ಶುರುವಾಯಿತು ಎಂದೇ ಲೆಕ್ಕ. ಅವ್ವ ಬಿಳಿ ಮೈಯವಳು, ಕಂಡಿತು. ಕಾಕಾ ನಮ್ಮ ಹಾಗೆ ಕಪ್ಪು. ಅಲ್ಲಿ ಕೆಂಪು ಹುಡುಕಬೇಡ, ಕೈಯಿಟ್ಟು ನೋಡು. ಸುತ್ತಲಿಗಿಂತ ಬಿಸಿ, ಗಟ್ಟಿ ಅಥವಾ ಮೆತ್ತಗೆ ಅನಿಸಿದರೆ ಅದೇ ಜಾಗ. ಆ ಕಡೆ ಮತ್ತೆ ಭಾರ ಬೀಳಬಾರದು. ತೊಗಲು ಒಡೆದಿದ್ದರೆ ಮನೆ ಔಷಧ ಬೇಡ, ಡಾಕ್ಟರಿಗೆ ತೋರಿಸು.

ನಾವು ನಿದ್ದೆಯಲ್ಲೂ ಹೊರಳುತ್ತೇವೆ, ಅಲ್ವಾ? ಅವರಿಗೆ ಆಗುವುದಿಲ್ಲ. ಮೂಳೆಗೂ ಹಾಸಿಗೆಗೂ ನಡುವೆ ಮಾಂಸ ಸಿಕ್ಕಿಕೊಂಡು ರಕ್ತ ನಿಲ್ಲುತ್ತದೆ. ಅದಕ್ಕೇ 2 ಗಂಟೆಗೊಮ್ಮೆ ಮಗ್ಗುಲು ಬದಲಿಸು. ಪೂರಾ ಪಕ್ಕಕ್ಕೆ ಹೊರಳಿಸಬೇಡ, ಸೊಂಟದ ಮೂಳೆ ಒತ್ತುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸ್ವಲ್ಪ ವಾಲಿಸು, 30 ಡಿಗ್ರಿ ಸಾಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬು, ಹಿಮ್ಮಡಿ ಗಾಳಿಯಲ್ಲಿರಲಿ. ಮೇಲಕ್ಕೆ ಸರಿಸುವಾಗ ರಟ್ಟೆ ಹಿಡಿದು ಎಳೆಯಬೇಡ. ಇಬ್ಬರು ಚಾದರದ ಸಮೇತ ಎತ್ತಿ.

ಅವ್ವಳಿಗೆ ತಾನೇ ಹೊಲಿದ ಕೌದಿ ಬೇಕೇ ಬೇಕು. ಒಂದು ದಿನ ಹೊರಳಿಸಿದಾಗ ಅದರ ತೇಪೆ, ಹೊಲಿಗೆ ಎಲ್ಲ ಬೆನ್ನ ಮೇಲೆ ಅಚ್ಚೊತ್ತಿದ್ದವು. ಬೇಜಾರಾಗುತ್ತಾಳೆ ಅಂತ ಕೌದಿಯನ್ನು ಕಾಲ ಬಳಿ ಮಡಚಿಟ್ಟು, ಕೆಳಗೆ ಹಳೆ ಧೋತ್ರ ಬಿಗಿಯಾಗಿ ಹಾಸಿದೆವು.

ಕರೆಂಟ್ ಪಂಪಿನಿಂದ ಗಾಳಿ ತುಂಬುವ ಏರ್ ಬೆಡ್ ತರಿಸಿದ್ದೀಯ, ಒಳ್ಳೆಯದು. ಅದು ಬಂತೆಂದು ಹೊರಳಿಸುವುದು ಬಿಡಬೇಡ. ಕರೆಂಟ್ ಹೋಗಿ ಬಂದ ಮೇಲೆ ಅವರ ಕುಂಡಿಯ ನೇರಕ್ಕೆ ಬೆಡ್ಡಿನ ಅಡಿ ಅಂಗೈ ತೂರಿಸಿ ನೋಡು. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು. ನಡುವೆ ತೂತಿರುವ ರಿಂಗ್ ದಿಂಬು ಮಾತ್ರ ಬೇಡ. ನಾನೂ ದುಡ್ಡು ಕೊಟ್ಟು ತಂದಿದ್ದೆ. ಅದರ ಅಂಚೇ ರಕ್ತ ತಡೆಯುತ್ತದೆ.

ನಮ್ಮ ಬೇಸಿಗೆ ಬೇರೆ, 42 ಡಿಗ್ರಿ. ಬೆವರು, ಮೂತ್ರ ನಿಂತರೆ ತೊಗಲು ನೆನೆದು ಬೇಗ ಹರಿಯುತ್ತದೆ. ಒರೆಸುವಾಗ ತಿಕ್ಕದೆ ಒತ್ತಿ ಒಣಗಿಸು. ಊಟಕ್ಕೆ ಬರೀ ಗಂಜಿ ಸಾಲದು. ತೊಗರಿ ನಾಡಿನಲ್ಲಿದ್ದೀವಿ, ಬೇಳೆ ಗಟ್ಟಿಯಾಗಿ ಕೊಡು, ತಿನ್ನುವುದಾದರೆ ಮೊಟ್ಟೆ. ನುಂಗಲು ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ ಕೊಡು.

ಅವ್ವಳ ಗಾಯ ಮಾಗಲು ನಾಲ್ಕು ತಿಂಗಳು ಹಿಡಿಯಿತು. ಈಗಲೂ ಅಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗಿದೆ.

ಶನಿವಾರ ಸಂಜೆ ಬಸ್ಸಿಗೆ ಬರುತ್ತೇನೆ, ದಿಂಬುಗಳನ್ನು ನಾನೇ ತರುತ್ತೇನೆ. ವೈನಿಗೆ ಹೇಳು, ಅವತ್ತು ರಾತ್ರಿ ಪಾಳಿ ಪೂರ್ತಿ ನನ್ನದು. ನೀವಿಬ್ಬರೂ ಮಲಗಿ.

ನಿನ್ನ ದೋಸ್ತ