ಕವಚದ ಪದ, ಕಸುಬಿನ ಪದ: ಕಲಿಯುವ ಬಗೆ

ಚಿ. ಪುಟ್ಟಿಗೆ ಆಶೀರ್ವಾದಗಳು.

ಮಧ್ಯಯುಗದ ಇಂಗ್ಲೆಂಡಿನ ಕಥೆಯೊಂದನ್ನು ಕನ್ನಡಕ್ಕೆ ತರಲು ಕೂತಿದ್ದೀಯ ಎಂದು ತಿಳಿದು ಸಂತೋಷವಾಯಿತು. ಕುದುರೆಯೇರಿ ಕಾದುವ ಯೋಧರಾದ ನೈಟ್‌ಗಳ, ಕಸುಬುದಾರರ ಹಳೆಯ ಪದಗಳನ್ನೆಲ್ಲ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಬರೆದು ಬಾಯಿಪಾಠ ಮಾಡುತ್ತಿದ್ದೀಯಂತೆ. ಅದನ್ನು ಇವತ್ತೇ ಬಿಡು. ಆ ಪಟ್ಟಿಯಲ್ಲಿ ಕೂಪರ್ ಆದಮೇಲೆ ಕೂಟರ್ ಬರುತ್ತದೆ. ಒಬ್ಬ ಪೀಪಾಯಿ ಕಟ್ಟುವವನು, ಇನ್ನೊಂದು ಮೊಣಕೈಗೆ ಹಾಕುವ ತಗಡು. ಕವಚದ ಪದಗಳನ್ನು ಮೈಗೆ ತೊಡಿಸುವ ಕ್ರಮದಲ್ಲಿ ಕಲಿ, ಕಸುಬಿನ ಪದಗಳನ್ನು ಕೆಲಸ ಸಾಗುವ ಕ್ರಮದಲ್ಲಿ ಕಲಿ.

15ನೇ ಶತಮಾನದ ಪೂರ್ಣ ಕವಚವನ್ನೇ ತೆಗೆದುಕೋ. ಎಲ್ಲಕ್ಕಿಂತ ಮೊದಲು ಬರುವುದು ಬಟ್ಟೆ: ಆರ್ಮಿಂಗ್ ಡಬ್ಲೆಟ್ ಎಂಬ ಬಿಗಿ ಅಂಗಿ. ಅದರ ತುಂಬ ಪಾಯಿಂಟ್ ಎಂಬ ಮೇಣ ಹಚ್ಚಿದ ಗಟ್ಟಿ ದಾರಗಳು ನೇತಾಡುತ್ತಿರುತ್ತವೆ. ತಗಡುಗಳನ್ನು ಕಟ್ಟುವುದು ಇವಕ್ಕೇ. ಆಮೇಲೆ ಪಾದದಿಂದ ಮೇಲಕ್ಕೆ: ಪಾದಕ್ಕೆ ಸಬಾಟನ್, ಮೊಣಕಾಲ ಕೆಳಗೆ ಗ್ರೀವ್, ಮಂಡಿಗೆ ಪೋಲಿನ್, ತೊಡೆಗೆ ಕ್ವಿಸ್. ಕಾಲಿನಿಂದಲೇ ಏಕೆ ಶುರು? ಕ್ವಿಸ್‌ನ ಭಾರ ಸೊಂಟದ ಹತ್ತಿರ ಡಬ್ಲೆಟ್‌ಗೆ ಕಟ್ಟಿದ ದಾರದ ಮೇಲೆ ನಿಲ್ಲುತ್ತದೆ. ಎದೆಯ ತಗಡು ಮುಚ್ಚಿದ ಮೇಲೆ ಆ ಗಂಟಿಗೆ ಕೈ ಹೋಗುವುದಿಲ್ಲ. ಗಂಟು ಸಡಿಲವಾದರೆ ಕಾಲಿನ ತಗಡು ಜಾರಿ ನಡಿಗೆಯೇ ಕೆಡುತ್ತದೆ. ಎದೆ, ಬೆನ್ನು ಆದಮೇಲೆ ತೋಳು: ಮುಂಗೈಗೆ ವ್ಯಾಂಬ್ರೇಸ್, ಮೊಣಕೈಗೆ ಕೂಟರ್, ಅದರ ಮೇಲೆ ರೆರ್‌ಬ್ರೇಸ್, ಹೆಗಲಿಗೆ ಪಾಲ್ಡ್ರನ್. ಕಂಕುಳ ಸಂದಿಯ ಮುಂದೆ ತೂಗುವ ದುಂಡು ಬಿಲ್ಲೆ ಬೆಸಗ್ಯೂ. ಶಿರಸ್ತ್ರಾಣ, ತಗಡಿನ ಕೈಗವಸಾದ ಗಾಂಟ್ಲೆಟ್ ಕೊನೆಗೆ. ಗಾಂಟ್ಲೆಟ್ ಹಾಕಿಕೊಂಡವನು ತಾನೇ ದಾರ ಬಿಗಿಯುವಂತೆ ಎಲ್ಲಿಯೂ ಬರೆಯಬೇಡ. ಅದು ಜೊತೆಗಿರುವ ಸಹಾಯಕ ಸ್ಕ್ವೈರ್‌ನ ಕೆಲಸ.

ಇಂಥ ಕವಚದ ತೂಕ ಸಾಮಾನ್ಯವಾಗಿ 20ರಿಂದ 25 ಕಿಲೋ, ಅದೂ ಇಡೀ ಮೈಮೇಲೆ ಹಂಚಿಹೋಗಿರುತ್ತದೆ. ನೈಟ್‌ನನ್ನು ಕ್ರೇನಿನಿಂದ ಎತ್ತಿ ಕುದುರೆಯ ಮೇಲೆ ಕೂರಿಸುತ್ತಿದ್ದರು ಎಂಬುದು ಶುದ್ಧ ಸುಳ್ಳು. ಉಂಗುರ ಹೆಣೆದ ಅಂಗಿ ಹಾಬರ್ಕ್, ಆ ಹೆಣಿಗೆಗೆ ಆಗಿನವರ ಮಾತು ಬರೀ ಮೇಲ್. ಚೈನ್ ಮೇಲ್ ಎನ್ನುವುದು ಬಹಳ ಈಚಿನ ರೂಢಿ, ಆ ಕಾಲದ ಪಾತ್ರದ ಬಾಯಲ್ಲಿ ಅದನ್ನು ಹಾಕಬೇಡ.

ಬ್ಯಾನರೆಟ್ ಎಂದರೆ ಸ್ವಂತ ಚೌಕ ಧ್ವಜದಡಿ ದಂಡು ನಡೆಸುವ ನೈಟ್. ಉಳಿದವರದು ಪೆನನ್ ಎಂಬ ಬಾಲವಿರುವ ಧ್ವಜ. ರಣರಂಗದಲ್ಲಿ ಬಡ್ತಿ ಕೊಡುವಾಗ ಪೆನನ್ನಿನ ಬಾಲ ಕತ್ತರಿಸಿ ಚೌಕ ಮಾಡುತ್ತಿದ್ದರು. 1367ರಲ್ಲಿ ಸ್ಪೇನಿನ ನಾಹೆರಾ ಯುದ್ಧಕ್ಕೆ ಮುಂಚೆ ಜಾನ್ ಚಾಂಡೋಸ್ ತನ್ನ ಧ್ವಜವನ್ನು ರಾಜಕುಮಾರ ಎಡ್ವರ್ಡನ ಮುಂದೆ ತಂದು ಬ್ಯಾನರೆಟ್ ಆದ.

ಇನ್ನು ಕಸುಬು. ಬಿಲ್ಲು ಮಾಡುವವನು ಬೋಯರ್, ಬಾಣ ಮಾಡುವವನು ಫ್ಲೆಚರ್, ಹೆದೆ ಹೊಸೆಯುವವನು ಸ್ಟ್ರಿಂಗರ್, ಬಾಣದ ಮೊನೆ ಬಡಿಯುವವನು ಆರೋಸ್ಮಿತ್. 1371ರಲ್ಲಿ ಲಂಡನ್ನಿನ ಫ್ಲೆಚರ್‌ಗಳು ಅರ್ಜಿ ಹಾಕಿ ಬೋಯರ್‌ಗಳಿಂದ ಬೇರೆಯಾದರು. ಆದ್ದರಿಂದ ಅದಾದ ಮೇಲಿನ ಲಂಡನ್ ಕಥೆಯಲ್ಲಿ ಒಬ್ಬನೇ ಎರಡೂ ಕೆಲಸ ಮಾಡಿದರೆ ತಿಳಿದವರು ಕೇಳುತ್ತಾರೆ.

ಚಕ್ರದ ಪದಗಳಿಗೆ ಹೆಚ್ಚು ಸಮಯ ಕೊಡು. ನಡುವಿನ ಗುಂಬ ನೇವ್, ಅದು ಎಲ್ಮ್ ಮರದ್ದು. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸುತ್ತ ಅಷ್ಟೊಂದು ತೂತು ಕೊರೆದರೂ ಸೀಳುವುದಿಲ್ಲ. ಅರೆಗಳು, ಅಂದರೆ ಚಕ್ರದ ಕಡ್ಡಿಗಳು, ಓಕ್, ಗರಗಸದಿಂದ ಕೊಯ್ದದ್ದಲ್ಲ, ಎಳೆಯ ಗುಂಟ ಸೀಳಿದ್ದು. ಹೊರಸುತ್ತಿನ ಬಾಗಿದ ತುಂಡುಗಳು ಫೆಲೋ, ಪೆಟ್ಟು ತಡೆಯುವ ಆಶ್ ಮರದವು. ಬರೆಯುವಾಗ ಫೆಲೋ, ಕಸುಬಿನವರ ಬಾಯಲ್ಲಿ ಫೆಲಿ. ಒಂದೊಂದು ಫೆಲೋಗೆ ಎರಡೆರಡು ಅರೆ, ಹಾಗಾಗಿ 12 ಅರೆಯ ಚಕ್ರಕ್ಕೆ ಆರು ಫೆಲೋ. ಎಲ್ಲೋ 11 ಅರೆ ಎಂದು ಬಂದರೆ ಮೂಲವನ್ನು ಮತ್ತೆ ನೋಡು.

ಚಕ್ರದ ಸುತ್ತಿನ ಕಬ್ಬಿಣದ ಪಟ್ಟಿಯಾದ ಹಳಿಯನ್ನು ಇಡಿಯಾಗಿ ಕೆಂಪಗೆ ಕಾಯಿಸಿ ಕೂರಿಸಿ ನೀರು ಸುರಿದು ಬಿಗಿ ಮಾಡುವ ಚಿತ್ರ ನಿನಗೆ ಗೊತ್ತಿರುವುದೇ, ನಮ್ಮ ಎತ್ತಿನ ಗಾಡಿಗೂ ಹಾಗೇ ಮಾಡುತ್ತಾರೆ. ಅದಕ್ಕೆ ಮುಂಚೆ ಟ್ರಾವೆಲರ್ ಎಂಬ ಹಿಡಿಯುಳ್ಳ ಪುಟ್ಟ ಗಾಲಿಯನ್ನು ಚಕ್ರದ ಸುತ್ತ ಉರುಳಿಸಿ ಸುತ್ತಳತೆ ತೆಗೆಯುತ್ತಾರೆ. ಹಳಿಯ ಒಳಸುತ್ತು ಅದಕ್ಕಿಂತ ತುಸು ಕಡಿಮೆ ಇರಬೇಕು. ಕಡಿಮೆ ಅತಿಯಾದರೆ ತಣಿಯುವಾಗ ಚಕ್ರ ಸೊಟ್ಟಗಾಗುತ್ತದೆ, ಸಾಲದಿದ್ದರೆ ಬೇಸಿಗೆಯಲ್ಲಿ ಮರ ಒಣಗಿ ಹಳಿ ಕಳಚುತ್ತದೆ. ಫೆಲೋಗಳ ಸಂದಿನಲ್ಲೂ ಕೂದಲೆಳೆಯಷ್ಟು ಬಿಡುವು ಬಿಟ್ಟಿರಬೇಕು. ಮೊದಲೇ ಕೂಡಿಕೊಂಡಿದ್ದರೆ ಹಳಿ ಎಷ್ಟು ಒತ್ತಿದರೂ ಅರೆಗಳು ಬಿಗಿಯಾಗುವುದಿಲ್ಲ. ಆದರೆ ಇದು ಇಂಗ್ಲೆಂಡಿನಲ್ಲಿ 19ನೇ ಶತಮಾನದ ಹಳ್ಳಿಗಳ ಸಾಮಾನ್ಯ ನೋಟ. ನಿನ್ನ ಕಥೆಯ ಕಾಲದ ಗಾಡಿಗೆ ಕಬ್ಬಿಣ ಇದ್ದರೆ ಅದು ಸ್ಟ್ರೇಕ್: ಫೆಲೋಗಳ ಸಂದಿನ ಮೇಲೆ ಬರುವಂತೆ ಮೊಳೆ ಹೊಡೆದ ಬಿಡಿಬಿಡಿ ಪಟ್ಟಿಗಳು.

ಪೀಪಾಯಿಯ ಹೆಸರುಗಳಲ್ಲಿ ಅಳತೆಯೂ ಅಡಗಿದೆ. ಬಿಯರ್ ಲೆಕ್ಕದಲ್ಲಿ ಫರ್ಕಿನ್ 9 ಗ್ಯಾಲನ್, ಕಿಲ್ಡರ್ಕಿನ್ 18, ಬ್ಯಾರೆಲ್ 36, ಹಾಗ್ಸ್‌ಹೆಡ್ 54. ಹಾಪ್ಸ್ ಎಂಬ ಕಹಿ ಹೂ ಹಾಕದ ಬಿಯರ್ ಆದ ಏಲ್‌ಗೆ ಟ್ಯೂಡರ್ ಅರಸರ ಕಾಲದಲ್ಲಿ ಬ್ಯಾರೆಲ್ 32 ಗ್ಯಾಲನ್. ವೈನಿನ ಹಾಗ್ಸ್‌ಹೆಡ್ 63, ಆದರೆ ವೈನ್ ಗ್ಯಾಲನ್ ಚಿಕ್ಕದು. ಒಳಗೆ ಏನು ತುಂಬಿದೆ ಎಂದು ನೋಡಿಕೊಳ್ಳದೆ ಲೀಟರಿಗೆ ತಿರುಗಿಸಬೇಡ. ಸಂಶಯವಿದ್ದರೆ ಹೆಸರನ್ನೇ ಉಳಿಸು.

ಇಂತಿ,
ನಿನ್ನ ಸೋದರಮಾವ